ಒಂದೇ ಶನಿವಾರ, ಮೂರು ನೋಟೀಸು: ಕಾಲೇಜಿನ ಡಿಜಿಟಲ್ ಕಾರ್ಯಾಗಾರಗಳಲ್ಲಿ ಯಾವುದಕ್ಕೆ ಹೋಗುವುದು?

ಜನವರಿ ಕಳೆಯಿತು ಅಂದರೆ ನಮ್ಮ ಕಾಸರಗೋಡಿನ ಕಾಲೇಜುಗಳಲ್ಲಿ ಕಾರ್ಯಾಗಾರಗಳ ಸುಗ್ಗಿ. ಬಂದ ಫಂಡು ಮಾರ್ಚ್ 31ರ ಒಳಗೆ ಮುಗಿಯಬೇಕಲ್ವಾ, ಅದಕ್ಕೇ. ವಿದ್ಯಾನಗರದಿಂದ ಒಂದು ಪೋಸ್ಟರು, ಮಂಜೇಶ್ವರದಿಂದ ಒಂದು, ಪೆರ್ಲದಿಂದ ಇನ್ನೊಂದು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಮತ್ತೊಂದು. ವಾಟ್ಸಾಪು ತುಂಬಿ ಹೋಗುತ್ತದೆ. ಎಲ್ಲದರಲ್ಲೂ ಅದೇ ನೀಲಿ ಬಣ್ಣ, ಅದೇ ರೋಬೋಟಿನ ತಲೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಎಲ್ಲರಿಗೂ ಇ-ಸರ್ಟಿಫಿಕೇಟ್’.

ನನ್ನ ಚಿಕ್ಕಮ್ಮನ ಮಗಳು ಬದಿಯಡ್ಕದ ಕಡೆಯವಳು. ಬಿಎ ಕನ್ನಡ, ಎರಡನೇ ವರ್ಷ. ಮೊನ್ನೆ ಮೂರು ನೋಟೀಸು ಒಟ್ಟಿಗೆ ಕಳಿಸಿ, "ಅಣ್ಣ, ಮೂರೂ ಒಂದೇ ಶನಿವಾರ ಇಟ್ಟಿದ್ದಾರೆ, ಯಾವುದಕ್ಕೆ ಹೋಗಲಿ?" ಅಂತ ಕೇಳಿದಳು. ಒಂದು ಎಐ (ಕೃತಕ ಬುದ್ಧಿಮತ್ತೆ) ಬಗ್ಗೆ ಸೆಮಿನಾರು, ದೊಡ್ಡ ಸಭಾಂಗಣದಲ್ಲಿ. ಇನ್ನೊಂದು ಕನ್ನಡ ಟೈಪಿಂಗು ಮತ್ತು ವಿಕಿಸೋರ್ಸ್ (ಹಳೆಯ ಪುಸ್ತಕಗಳ ಆನ್‌ಲೈನ್ ಗ್ರಂಥಾಲಯ) ಕಾರ್ಯಾಗಾರ, ಎರಡು ದಿನ, ಲ್ಯಾಬಿನಲ್ಲಿ, 25 ಜನಕ್ಕೆ ಮಾತ್ರ. ಮೂರನೆಯದು ಕೇಂದ್ರ ಸರಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲಿನ ಕೋರ್ಸುಗಳಿಗೆ ಹೆಸರು ಹಾಕಿಸುವ ಶಿಬಿರ. ಅವಳಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದೆ. ಆಮೇಲೆ ಅವಳ ಗೆಳತಿಯರೂ ಕೇಳಿದರು. ಅದಕ್ಕೆ ಇದನ್ನು ಬರೆದೇ ಬಿಡೋಣ ಅನ್ನಿಸಿತು.

ನಾನು ಅಕ್ಷಯ ಕೇಂದ್ರದಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಕೆಲಸ ಮಾಡುವವನು. ದಿನಾ ಯಾರಾದರೂ ಸರ್ಟಿಫಿಕೇಟು ಪ್ರಿಂಟು ತೆಗೆಸಲು ಬರುತ್ತಾರೆ. ನನ್ನ ಸ್ವಂತ ಫೈಲಿನಲ್ಲೇ ಡಿಗ್ರಿ ಕಾಲದ ಹದಿನೇಳು ಸರ್ಟಿಫಿಕೇಟು ಇವೆ. ಅದರಲ್ಲಿ ಹದಿನಾರನ್ನು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಹದಿನೇಳನೆಯದನ್ನೂ ಕೇಳಿಲ್ಲ, ಆದರೆ ಆ ಮೂರು ದಿನ ಕಲಿತದ್ದರಿಂದ ಇವತ್ತು ಸಂಬಳ ಬರುತ್ತಿದೆ. ಅದು ಕನ್ನಡ ಯೂನಿಕೋಡ್ ಟೈಪಿಂಗ್. ಹಾಗಾಗಿ ನನ್ನ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಕೈಗೆ ಕೆಲಸ ಕೊಡುವ ಕಾರ್ಯಾಗಾರದ ಕಡೆಗೆ. ಬರೀ ಕಿವಿಗೆ ಕೆಲಸ ಕೊಡುವುದರ ಕಡೆಗೆ ಅಲ್ಲ.

ಹೊರಡುವ ಮೊದಲು ಒಂದು ಫೋನು ಮಾಡಿ

ಪೋಸ್ಟರು ನೋಡಿ ಏನೂ ಗೊತ್ತಾಗುವುದಿಲ್ಲ. ಸಂಯೋಜಕರ ನಂಬರು ಇರುತ್ತದಲ್ಲ, ಅದಕ್ಕೆ ಫೋನು ಮಾಡಿ ಎರಡೇ ಪ್ರಶ್ನೆ ಕೇಳಿ. ಒಂದು ಕಂಪ್ಯೂಟರಿಗೆ ಎಷ್ಟು ಜನ? ಪಾಠ ಯಾವ ಭಾಷೆಯಲ್ಲಿ?

ಒಂದು ಕಂಪ್ಯೂಟರಿಗೆ ಇಬ್ಬರು ಅಂದರೆ ಹೋಗಬಹುದು. ಮೂವರು ಅಂದರೆ ಒಬ್ಬ ಮೌಸ್ ಹಿಡಿಯುತ್ತಾನೆ, ಇನ್ನೊಬ್ಬ ಸಲಹೆ ಕೊಡುತ್ತಾನೆ, ಮೂರನೆಯವಳು ಇನ್‌ಸ್ಟಾಗ್ರಾಮ್ ನೋಡುತ್ತಾಳೆ. ‘ಲ್ಯಾಪ್‌ಟಾಪ್ ಇದ್ದವರು ತನ್ನಿ’ ಅಂತ ಹೇಳಿದರೆ ಇಲ್ಲದವರಿಗೆ ಏನು ವ್ಯವಸ್ಥೆ ಅಂತಲೂ ಕೇಳಿ. ನಾಚಿಕೊಳ್ಳಬೇಡಿ. ನಮ್ಮ ಕಡೆ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಮಕ್ಕಳೇ ಜಾಸ್ತಿ.

ಭಾಷೆಯ ಮಾತು ಗಡಿನಾಡಿನವರಾದ ನಮಗೆ ಸಣ್ಣದಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿಗೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ ಸಾಕಷ್ಟು ಬರುತ್ತದೆ. ಆದರೆ ಒಬ್ಬರು ಅರ್ಧ ಇಂಗ್ಲಿಷು ಅರ್ಧ ಮಲಯಾಳದಲ್ಲಿ ಸ್ಪ್ರೆಡ್‌ಶೀಟಿನ ಫಾರ್ಮುಲಾ ಹೇಳಿಕೊಡುವಾಗ ಅವಳ ತಲೆಯಲ್ಲಿ ಎರಡೆರಡು ಅನುವಾದ ನಡೆಯುತ್ತಿರುತ್ತದೆ, ಅಷ್ಟರಲ್ಲಿ ಅವರು ಮುಂದಿನ ಸ್ಲೈಡಿಗೆ ಹೋಗಿರುತ್ತಾರೆ. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಕೇರಳದ ‘ಫಸ್ಟ್ ಬೆಲ್’ ಅನ್ನುವ ಟಿವಿ, ಆನ್‌ಲೈನ್ ಪಾಠಗಳು ಕನ್ನಡದಲ್ಲೂ ಬಂದವು. ಆಗ ನನ್ನ ಈ ತಂಗಿ ರೇಂಜ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದಳು. ಗುಡ್ಡ ಹತ್ತುವುದು ಕಷ್ಟವಾಗಲಿಲ್ಲ ಅವಳಿಗೆ, ಯಾಕೆಂದರೆ ಹತ್ತಿದ ಮೇಲೆ ಸಿಗುವ ಪಾಠ ಅರ್ಥವಾಗುತ್ತಿತ್ತು. ಕಾರ್ಯಾಗಾರ ಪೂರ್ತಿ ಕನ್ನಡದಲ್ಲೇ ಇರಬೇಕು ಅಂತ ನಾನು ಹೇಳುವುದಿಲ್ಲ, ಅದು ಸಿಗುವುದೂ ಅಪರೂಪ. ಆದರೆ ಸಿಕ್ಕಿಬಿದ್ದಾಗ ಪಕ್ಕಕ್ಕೆ ಬಂದು ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬರಾದರೂ ಲ್ಯಾಬಿನಲ್ಲಿ ಇರಬೇಕು. ಇದ್ದಾರಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಎಐ ಸೆಮಿನಾರು

ಈಗ ಎಲ್ಲಿ ನೋಡಿದರೂ ಇದೇ. ಸುಮ್ನೆ ಬೈಯುವುದು ಸರಿಯಲ್ಲ, ಒಳ್ಳೆಯವೂ ಇರುತ್ತವೆ. ಆದರೆ ಸಾಮಾನ್ಯವಾಗಿ ನಡೆಯುವುದು ಹೀಗೆ: ಹತ್ತು ಗಂಟೆ ಅಂತ ಹಾಕಿರುತ್ತಾರೆ, ಹತ್ತೂಮುಕ್ಕಾಲಿಗೆ ಪ್ರಾರ್ಥನೆ, ಆಮೇಲೆ ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ಮೂವರ ಶುಭಾಶಯ, ಚಾಯ. ಹನ್ನೆರಡಕ್ಕೆ ಸಂಪನ್ಮೂಲ ವ್ಯಕ್ತಿ ಮೈಕು ಹಿಡಿಯುವಾಗ ಹಿಂದಿನ ಎರಡು ಸಾಲು ಖಾಲಿ. ಇನ್ನೂರು ಜನ ಕೂತಲ್ಲಿ ಯಾರ ಕೈಗೂ ಕೆಲಸ ಇಲ್ಲ. ಪರದೆಯ ಮೇಲೆ ಒಂದು ಚಿತ್ರ ತಾನಾಗಿ ಮೂಡುತ್ತದೆ, ಎಲ್ಲರೂ ‘ಓ’ ಅನ್ನುತ್ತಾರೆ, ಊಟದ ಹೊತ್ತಾಗುತ್ತದೆ.

ಇಂಥದ್ದಕ್ಕೆ ಹೋಗಬಹುದಾದ ಸಂದರ್ಭ ಒಂದೇ, ನಿಮಗೆ ಈ ವಿಷಯ ಪೂರ್ತಿ ಹೊಸದಾಗಿದ್ದು ಅದು ಏನು ಅಂತ ಒಂದು ಅಂದಾಜು ಬೇಕಾಗಿದ್ದರೆ. ಈಗಾಗಲೇ ಅಸೈನ್‌ಮೆಂಟಿಗೆ ಎಐ ಬಳಸುವವರಿಗೆ ಅಲ್ಲಿ ಹೊಸದೇನೂ ಸಿಗುವುದಿಲ್ಲ.

ಮೊಬೈಲು ಹಿಡಿದು ಎಲ್ಲರೂ ಮಾಡಿ ನೋಡುವಂತಹ ಸೆಮಿನಾರಾದರೆ ಮಾತು ಬೇರೆ. ಹಾಗಿದ್ದರೆ ಹೋಗಿ, ನಿಮಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ. ನಾನು ಒಮ್ಮೆ ಬೇಕಲ ಕೋಟೆಯ ಬಗ್ಗೆ ಕನ್ನಡದಲ್ಲಿ ಕೇಳಿದ್ದೆ. ಕೋಟೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ ಅಂತ ನಮ್ಮ ಕಡೆ ಶಾಲೆ ಮಕ್ಕಳೂ ಹೇಳುತ್ತಾರೆ. ಎಐ ಅದನ್ನು ಬೇರೆ ಯಾರದೋ ತಲೆಗೆ ಕಟ್ಟಿತು. ಅದೂ ಎಷ್ಟು ಗಟ್ಟಿ ದನಿಯಲ್ಲಿ ಅಂದರೆ, ಒಂದು ಗಳಿಗೆ ನನಗೇ ಅನುಮಾನ ಬಂತು. ಈ ಗಟ್ಟಿ ದನಿಯನ್ನು ಹೇಗೆ ಪರೀಕ್ಷೆ ಮಾಡುವುದು ಅಂತ ಹೇಳಿಕೊಡುವ ಎಐ ಕಾರ್ಯಾಗಾರ ಇದ್ದರೆ ನಾನೇ ರಜೆ ಹಾಕಿ ಬರುತ್ತೇನೆ.

ಟೈಪಿಂಗು ಮತ್ತು ವಿಕಿಸೋರ್ಸ್

ಇದರ ಬಗ್ಗೆ ಉದ್ದ ಬರೆಯುತ್ತೇನೆ, ಬೇಜಾರಾದರೆ ಹಾರಿಸಿ.

‘ಟೈಪಿಂಗ್ ಕಲಿಯುವುದಕ್ಕೆ ಕಾರ್ಯಾಗಾರ ಬೇಕಾ, ಮೊಬೈಲಿನಲ್ಲಿ ದಿನಾ ಕನ್ನಡ ಟೈಪ್ ಮಾಡುತ್ತೇವಲ್ಲ’ ಅಂತ ಮಕ್ಕಳು ಹೇಳುತ್ತಾರೆ. ಹೌದು, ಇಂಗ್ಲಿಷ್ ಅಕ್ಷರ ಒತ್ತಿ ಕೀಬೋರ್ಡ್ ತೋರಿಸಿದ ಪದ ಆರಿಸುತ್ತಾರೆ. ಆದರೆ ಹತ್ತು ಪುಟದ ಪ್ರಾಜೆಕ್ಟು ರಿಪೋರ್ಟು ಬಂದಾಗ ನಮ್ಮ ಕೇಂದ್ರದ ಮುಂದೆ ಕ್ಯೂ ನಿಲ್ಲುತ್ತಾರೆ, ಪುಟಕ್ಕೆ ಇಷ್ಟು ಅಂತ ಹಣ ಕೊಟ್ಟು ಟೈಪ್ ಮಾಡಿಸುತ್ತಾರೆ. ಇನ್ನು ಕೆಲವರು ಪ್ರೆಸ್ಸಿನಲ್ಲಿ ಹಳೆಯ ಫಾಂಟಿನಲ್ಲಿ ಮಾಡಿಸಿಕೊಂಡ ಫೈಲು ತಂದು, "ಅಣ್ಣ, ಇದು ಓಪನ್ ಮಾಡಿದರೆ ಏನೇನೋ ಇಂಗ್ಲಿಷ್ ಗೀಚು ಬರುತ್ತದೆ" ಅನ್ನುತ್ತಾರೆ. ಬರಲೇಬೇಕು. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಾಲದ ಫಾಂಟುಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡ ಅಕ್ಷರಗಳಿಗೆ ಅವುಗಳದೇ ಆದ ಸಂಖ್ಯೆ ಇದೆ. ಹಾಗಾಗಿ ಮಂಗಳೂರಿನಲ್ಲಿ ಬರೆದದ್ದು ತಿರುವನಂತಪುರದಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಹಳೆಯ ಫಾಂಟಿನದ್ದು ಸಿಗುವುದಿಲ್ಲ. ಇಷ್ಟನ್ನು ಮೊದಲ ದಿನ ಹೇಳಿಕೊಡದ ಟೈಪಿಂಗ್ ಕಾರ್ಯಾಗಾರಕ್ಕೆ ಎರಡನೇ ದಿನ ಹೋಗಬೇಡಿ.

ಕೀಬೋರ್ಡಿನಲ್ಲೂ ಆಯ್ಕೆ ಇದೆ. ಕರ್ನಾಟಕದ ಕಡೆಯಿಂದ ಬಂದ ತರಬೇತುದಾರರಾದರೆ ಹೆಚ್ಚಾಗಿ ನುಡಿಯ ವಿನ್ಯಾಸ ಕಲಿಸುತ್ತಾರೆ. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ಮಧ್ಯೆ ಎಫ್. ಒಂದೇ ದಿನದಲ್ಲಿ ಕೈ ಹೊಂದುತ್ತದೆ. ಇನ್ನೊಂದು ಇನ್‌ಸ್ಕ್ರಿಪ್ಟ್. ಶುರುವಿಗೆ ತಲೆ ಕೆಡಿಸುತ್ತದೆ, ಎರಡು ವಾರ ಬೇಕು. ಆದರೆ ನಮಗೆ ಅದರಲ್ಲಿ ಒಂದು ಲಾಭ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಕನ್ನಡದ ಕ ಇರುವ ಕೀಯಲ್ಲೇ ಮಲಯಾಳದ ಕ ಕೂಡ ಇದೆ. ಬೆರಳು ಒಂದು ಸಲ ಕಲಿತರೆ ಭಾಷೆ ಬದಲಾಯಿಸಿ ಎರಡರಲ್ಲೂ ಬರೆಯಬಹುದು. ಕಾಸರಗೋಡಿನಲ್ಲೇ ಕೆಲಸ ಹುಡುಕುವವರಿಗೆ, ಅರ್ಜಿ ಎರಡೂ ಭಾಷೆಯಲ್ಲಿ ಬರುವ ಕಚೇರಿಯಲ್ಲಿ ಕೂರಬೇಕಾದವರಿಗೆ ನಾನು ಇದನ್ನೇ ಹೇಳುತ್ತೇನೆ. ಮಂಗಳೂರು, ಬೆಂಗಳೂರಿಗೆ ಹೋಗುವವರು ನುಡಿ ಕಲಿತರೆ ಸಾಕು.

ಟೈಪಿಂಗ್ ಕಲಿತ ಕೈಗೆ ಅಭ್ಯಾಸ ಬೇಕಲ್ಲ, ಅಲ್ಲಿ ವಿಕಿಸೋರ್ಸ್ ಬರುತ್ತದೆ. ಇದು ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಅಕ್ಷರಕ್ಕೆ ಇಳಿಸುವ ಜಾಗ. ಎಡಗಡೆಯೋ ಬಲಗಡೆಯೋ ಪುಟದ ಫೋಟೊ ಇರುತ್ತದೆ, ಪಕ್ಕದಲ್ಲಿ ಯಂತ್ರ ಓದಿದ ಅಕ್ಷರ. ಯಂತ್ರ ತಪ್ಪು ಓದಿದ್ದನ್ನು ನೀವು ತಿದ್ದಬೇಕು. ತಿದ್ದುವ ಮೊದಲು ಪುಟದ ಗುರುತು ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಇನ್ನೊಬ್ಬರು ಮತ್ತೊಮ್ಮೆ ನೋಡಿ ಒಪ್ಪಿದರೆ ಹಸಿರು. ನಿಮ್ಮ ಪುಟವನ್ನು ನೀವೇ ಹಸಿರು ಮಾಡಲು ಆಗುವುದಿಲ್ಲ. ಹಾಗಾಗಿ ಅಕ್ಕಪಕ್ಕ ಕೂತವರು ಒಬ್ಬರ ತಪ್ಪು ಒಬ್ಬರು ಹುಡುಕುತ್ತಾರೆ. ಆ ಜಗಳದಲ್ಲಿ ಕಲಿತಷ್ಟು ಕಾಗುಣಿತ ನಾನು ಹೈಸ್ಕೂಲಿನಲ್ಲೂ ಕಲಿತಿಲ್ಲ.

ನಮಗೆ ಇನ್ನೂ ಒಂದು ಕಾರಣ ಇದೆ. ಭಾರತದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ತೀರಿಕೊಂಡ ಮರುವರ್ಷದಿಂದ ಲೆಕ್ಕ. ಮಂಜೇಶ್ವರದ ಗೋವಿಂದ ಪೈಗಳು ಹೋದದ್ದು 1963ರಲ್ಲಿ. ಅಂದರೆ ಅವರು ಬದುಕಿದ್ದಾಗ ಅಚ್ಚಾದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಹಾಕಲಿಕ್ಕೆ ಭಾರತದ ಕಾನೂನಿನ ಮಟ್ಟಿಗೆ ಯಾರನ್ನೂ ಕೇಳಬೇಕಾಗಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳದ್ದು ಹಾಕೋಣ ಅಂದರೆ ಆಗುವುದಿಲ್ಲ, ಅವರು ತೀರಿಕೊಂಡದ್ದು 2015ರಲ್ಲಿ, 2076ರ ತನಕ ಕಾಯಬೇಕು. ಕಾರ್ಯಾಗಾರದಲ್ಲಿ ಇಂಥ ಲೆಕ್ಕ ಹೇಳಿಕೊಡುತ್ತಾರಾ ನೋಡಿ. ಹೇಳದೆ, ಗ್ರಂಥಾಲಯದಲ್ಲಿ ಕೈಗೆ ಸಿಕ್ಕಿದ ಪುಸ್ತಕ ಸ್ಕ್ಯಾನ್ ಮಾಡಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ವಿಕಿಪೀಡಿಯ ಸಂಪಾದನೋತ್ಸವ: ವಿಕಿಸೋರ್ಸ್‌ಗಿಂತ ಹೇಗೆ ಬೇರೆ

ಕೆಲವು ಕಡೆ ವಿಕಿಸೋರ್ಸ್ ಬದಲು ವಿಕಿಪೀಡಿಯ ಸಂಪಾದನೋತ್ಸವ ಇರುತ್ತದೆ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಲೇಖನ ಬರೆಯುವುದು, ತಿದ್ದುವುದು. ಕನ್ನಡ ವಿಕಿಪೀಡಿಯ 2003ರಿಂದ ಇದೆ, ತುಳು ವಿಕಿಪೀಡಿಯ 2016ರಲ್ಲಿ ಬಂತು, ಅದೂ ಕನ್ನಡ ಲಿಪಿಯಲ್ಲೇ. ಮಂಜೇಶ್ವರ, ಕುಂಬಳೆ ಕಡೆಯ ತುಳು ಮಾತಾಡುವ ಮಕ್ಕಳಿಗೆ ಅದು ಚಂದ. ಆದರೆ ಮೊದಲ ಸಲದವರಿಗೆ ವಿಕಿಪೀಡಿಯ ಸ್ವಲ್ಪ ಗಟ್ಟಿ ಕಾಯಿ. ಲೇಖನ ಬರೆಯಲು ಆಧಾರ ಬೇಕು. ಊರಿನ ದೇವಸ್ಥಾನದ ಬಗ್ಗೆ ಅಜ್ಜಿ ಹೇಳಿದ್ದು ಆಧಾರ ಆಗುವುದಿಲ್ಲ, ಎಲ್ಲಿಂದಲೋ ಕಾಪಿ ಹೊಡೆದರೆ ಅಳಿಸಿಬಿಡುತ್ತಾರೆ. ಎರಡು ದಿನ ಕೂತು ಬರೆದದ್ದು ಮೂರನೇ ದಿನ ಕಾಣಿಸದೇ ಹೋದರೆ ಹುಡುಗರು ಆ ಕಡೆ ತಲೆ ಹಾಕುವುದಿಲ್ಲ. ವಿಕಿಸೋರ್ಸ್‌ನಲ್ಲಿ ಆ ಭಯ ಇಲ್ಲ, ಕಣ್ಣೆದುರು ಪುಟ ಇದೆ, ಇದ್ದಂತೆ ಇಳಿಸಿದರೆ ಆಯಿತು. ಹಾಗಾಗಿ ಮೊದಲು ವಿಕಿಸೋರ್ಸ್, ಆಮೇಲೆ ವಿಕಿಪೀಡಿಯ. ಫೋಟೊ ಹುಚ್ಚು ಇದ್ದವರು ವಿಕಿಯ ಫೋಟೊ ಭಂಡಾರವಾದ ಕಾಮನ್ಸ್‌ಗೆ ತಾವೇ ತೆಗೆದ ಫೋಟೊ ಹಾಕಬಹುದು, ಆದರೆ ಹಾಕಿದ ಮೇಲೆ ಬೇರೆಯವರೂ ಬಳಸಬಹುದು ಅನ್ನುವ ಷರತ್ತಿಗೆ ಒಪ್ಪಿರುತ್ತೀರಿ ಅಂತ ನೆನಪಿರಲಿ. ಅಕ್ಕನ ಮದುವೆ ಫೋಟೊ ಬೇಡ.

ಇವೆರಡಕ್ಕೂ ಒಂದು ಎಚ್ಚರಿಕೆ. ಖಾತೆಯನ್ನು ಮನೆಯಲ್ಲೇ ತೆರೆದುಕೊಂಡು ಹೋಗಿ. ವಿಕಿಯಲ್ಲಿ ಒಂದು ಇಂಟರ್‌ನೆಟ್ ಸಂಪರ್ಕದಿಂದ ದಿನಕ್ಕೆ ಆರು ಖಾತೆ ಮಾತ್ರ ತೆರೆಯಲು ಬಿಡುತ್ತಾರೆ, ವಿಶೇಷ ಅನುಮತಿ ತೆಗೆದುಕೊಂಡಿದ್ದರೆ ಬೇರೆ. ಒಂದು ಕಾಲೇಜಿನಲ್ಲಿ ನಾನು ಸಹಾಯಕ್ಕೆ ಅಂತ ಹೋಗಿದ್ದೆ. ನಲವತ್ತು ಜನ ಕೂತಿದ್ದಾರೆ, ಎಲ್ಲರಿಗೂ ಕಾಲೇಜಿನ ಒಂದೇ ನೆಟ್ಟು. ಏಳನೆಯವನಿಂದ ಶುರುವಾಯಿತು, ಯಾರಿಗೂ ಖಾತೆ ಆಗುತ್ತಿಲ್ಲ. ಅನುಮತಿ ಯಾರೂ ಕೇಳಿರಲಿಲ್ಲ. ಕೊನೆಗೆ ಅವರವರ ಮೊಬೈಲು ಡೇಟಾ ಆನ್ ಮಾಡಿಸಿ ಒಬ್ಬೊಬ್ಬರಿಗೇ ಮಾಡಿಸುವಾಗ ಊಟದ ಗಂಟೆ ಹೊಡೆಯಿತು. ಬೆಳಗ್ಗೆಯ ಪಾಠ ಅಲ್ಲಿಗೇ ಮುಗಿಯಿತು.

ಸ್ವಯಂ, ಎನ್‌ಪಿಟಿಇಎಲ್: ಕಾರ್ಯಾಗಾರ ಅಲ್ಲ, ಸಂಸಾರ

ಮೂರನೇ ನೋಟೀಸು. ಶಿಬಿರ ಒಂದು ಗಂಟೆಯದ್ದು, ಆದರೆ ಸಹಿ ಹಾಕುವುದು ಎಂಟೋ ಹನ್ನೆರಡೋ ವಾರಗಳಿಗೆ. ಕೋರ್ಸಿಗೆ ಸೇರುವುದು ಉಚಿತ, ಪಾಠ ನೋಡುವುದೂ ಉಚಿತ. ಪರೀಕ್ಷೆ ಬರೆಯುವುದಾದರೆ ಶುಲ್ಕ, ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಸ್ವಯಂನಲ್ಲಿ ಐಐಟಿಗಳ ಕೋರ್ಸು ಕೊಡುವ ಎನ್‌ಪಿಟಿಇಎಲ್ ಲೆಕ್ಕ ಹೀಗೆ: ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಸರ್ಟಿಫಿಕೇಟು ಬೇಕಾದರೆ 25ರಲ್ಲಿ 10 ಮತ್ತು 75ರಲ್ಲಿ 30, ಎರಡೂ ಬರಬೇಕು. ಪರೀಕ್ಷೆ ಚೆನ್ನಾಗಿ ಬರೆದರೂ ಅಸೈನ್‌ಮೆಂಟು ಬಿಟ್ಟವರಿಗೆ ಇಲ್ಲ. ಇದು ಗೊತ್ತಿಲ್ಲದೆ ಶುಲ್ಕ ಕಳೆದುಕೊಂಡವರು ನಮ್ಮ ಕೇಂದ್ರಕ್ಕೆ ಬಂದು ನನ್ನ ಹತ್ತಿರ ಜಗಳ ಮಾಡಿದ್ದಾರೆ, ನಾನೇನು ಮಾಡಲಿ?

ಇದರ ದೊಡ್ಡ ಲಾಭ ಕ್ರೆಡಿಟ್, ಅಂದರೆ ಡಿಗ್ರಿಗೆ ಲೆಕ್ಕವಾಗುವ ಅಂಶ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ 40 ಶೇಕಡದವರೆಗೆ ಸ್ವಯಂನಿಂದ ತೆಗೆದುಕೊಳ್ಳಲು ಅವಕಾಶ ಇದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಶುರುವಾದ ಮೇಲೆ ಮಕ್ಕಳು ಕ್ರೆಡಿಟ್ ಲೆಕ್ಕ ಬೆರಳಲ್ಲಿ ಎಣಿಸುತ್ತಾರೆ. ಆದರೆ ನಿಮ್ಮ ಕಾಲೇಜು ಆ ಕೋರ್ಸನ್ನು ಒಪ್ಪಬೇಕು. ಸೇರುವ ಮೊದಲು ನಿಮ್ಮ ವಿಭಾಗದ ಸರ್ ಅಥವಾ ಟೀಚರ್ ಹತ್ತಿರ ಕೇಳಿ, ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಒಪ್ಪುತ್ತಾರೆ ಅಂತಾದರೆ, ಮತ್ತು ಇಂಗ್ಲಿಷ್ ಪಾಠ ಕೇಳಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಇದ್ದರೆ, ಮೂರರಲ್ಲಿ ಕಾಗದದ ಮೇಲೆ ಹೆಚ್ಚು ತೂಕ ಇದಕ್ಕೇ. ತಾಳ್ಮೆ ಇಲ್ಲದವರಿಗೆ ಬೇಡ.

ಇಂಗ್ಲಿಷೇ ತೊಡಕು ಅನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಹತ್ತು ನಿಮಿಷದ ಆಸುಪಾಸಿನ ಸಣ್ಣ ವೀಡಿಯೊಗಳು, ಹಲವಕ್ಕೆ ಕನ್ನಡ ಧ್ವನಿ ಇದೆ. ಅರ್ಧ ಪರದೆಯಲ್ಲಿ ವೀಡಿಯೊ, ಅರ್ಧದಲ್ಲಿ ಸಾಫ್ಟ್‌ವೇರು ಇಟ್ಟುಕೊಂಡು ನಿಲ್ಲಿಸಿ ನಿಲ್ಲಿಸಿ ಮಾಡಬೇಕು. ಕಚೇರಿ ಕೆಲಸದ ಲಿಬ್ರೆ ಆಫೀಸ್, ವಿಂಡೋಸ್ ಬದಲು ಬಳಸುವ ಲಿನಕ್ಸ್ ಎಲ್ಲ ಇವೆ. ಭಾಷಣ ಇಲ್ಲ, ಚಾಯವೂ ಇಲ್ಲ. ನಿಮ್ಮ ಲ್ಯಾಬಿನ ಬಾಗಿಲು ತೆರೆದುಕೊಡುವ ಒಬ್ಬರು ಸಿಕ್ಕಿದರೆ ಐದು ಗೆಳತಿಯರು ಸೇರಿ ನಡೆಸಬಹುದಾದ ಕಾರ್ಯಾಗಾರ ಇದು, ಪೋಸ್ಟರೂ ಬೇಡ.

ಹ್ಯಾಕಥಾನ್, ಅಂದರೆ ಗಡುವಿನೊಳಗೆ ತಂಡವಾಗಿ ಕೋಡ್ ಬರೆಯುವ ಸ್ಪರ್ಧೆ, ಅದರ ಬಗ್ಗೆ ಒಂದು ಮಾತು. ಕೋಡಿಂಗ್ ಬರುವವರಿಗೆ ಒಳ್ಳೆಯದು, ಬಾರದವರು ಅಲ್ಲಿ ಹೋಗಿ ಕಲಿಯುತ್ತೇವೆ ಅಂದುಕೊಳ್ಳಬೇಡಿ. ರಾತ್ರಿಯಿಡೀ ನಿದ್ದೆಗೆಡುವ ಕಡೆ ಯಾರಿಗೂ ಪಾಠ ಹೇಳುವ ಪುರುಸೊತ್ತು ಇರುವುದಿಲ್ಲ.

ನೀವು ಯಾವ ಶಾಲೆಯಿಂದ ಬಂದವರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ

ಕೇರಳದ ಸರಕಾರಿ, ಅನುದಾನಿತ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು ಐಟಿ ಪ್ರಾಕ್ಟಿಕಲ್ ಪರೀಕ್ಷೆ ಬರೆದೇ ಬಂದಿರುತ್ತಾರೆ. ಅವರಿಗೆ ಲಿನಕ್ಸ್ ಕಂಪ್ಯೂಟರು, ಚಿತ್ರ ತಿದ್ದುವ ಜಿಂಪ್, ಲಿಬ್ರೆ ಆಫೀಸ್ ಎಲ್ಲ ಕೈ ತಾಗಿದ್ದೇ. ‘ಕಂಪ್ಯೂಟರ್ ಪರಿಚಯ’ ಅನ್ನುವ ಎರಡು ದಿನದ ಕಾರ್ಯಾಗಾರ ಅವರಿಗೆ ಸಮಯ ಹಾಳು. ಗಡಿಯಾಚೆ ಪುತ್ತೂರು, ಸುಳ್ಯದಲ್ಲಿ ಓದಿ ಈ ಕಡೆ ಡಿಗ್ರಿಗೆ ಬಂದವರಲ್ಲಿ ಕೆಲವರು ಪಿಯುಸಿಯಲ್ಲಿ ಕಂಪ್ಯೂಟರು ತೆಗೆದುಕೊಂಡಿರುವುದಿಲ್ಲ. ಅವರು ನಾಚಿಕೆ ಬಿಟ್ಟು ಅದಕ್ಕೇ ಹೋಗಬೇಕು. ಅದನ್ನು ಬಿಟ್ಟು ಎಐ ಸೆಮಿನಾರಿಗೆ ಹೋದರೆ ಅಡಿಪಾಯ ಇಲ್ಲದೆ ಮಾಳಿಗೆ ಕಟ್ಟಿದ ಹಾಗೆ.

ಮತ್ತೆ ಬಸ್ಸು. ನಗಬೇಡಿ. ಶನಿವಾರ ಪಾಸು ತೋರಿಸಿದರೆ ಕಂಡಕ್ಟರ್ ಮುಖ ಹುಳಿ ಮಾಡುತ್ತಾನೆ, ಕಾಲೇಜು ಇಲ್ಲದ ದಿನ ಯಾವ ಪಾಸು ಅಂತ. ಕಾರ್ಯಾಗಾರದ ನೋಟೀಸು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಅದನ್ನು ತೋರಿಸಿದರೂ ಕೇಳದಿದ್ದರೆ ಪೂರ್ತಿ ಟಿಕೆಟಿಗೆ ಚಿಲ್ಲರೆ ಇರಲಿ. ಸಂಜೆ ಐದಕ್ಕೆ ಮುಗಿಯುತ್ತದೆ ಅಂತ ಹಾಕಿದ್ದು ಆರಕ್ಕೂ ಮುಗಿಯುವುದಿಲ್ಲ. ಒಳನಾಡಿನ ಮಕ್ಕಳು ಸಮಾರೋಪಕ್ಕೆ ಕೂತರೆ ಕೊನೆಯ ಬಸ್ಸು ತಪ್ಪುತ್ತದೆ. ಹತ್ತಿರದ ಸಣ್ಣ ಕಾರ್ಯಾಗಾರ ದೂರದ ದೊಡ್ಡದಕ್ಕಿಂತ ಮೇಲು ಅಂತ ನಾನು ಹೇಳುವುದು ಇದಕ್ಕೇ. ಚಾರ್ಜರು, ಪೆನ್‌ಡ್ರೈವು, ಮೂರು ತೂತಿನ ಪಿನ್ನಿಗೆ ಹೊಂದುವ ಒಂದು ಎಕ್ಸ್‌ಟೆನ್ಶನ್ ಬಾಕ್ಸು ಚೀಲದಲ್ಲಿರಲಿ. ಬಾಕ್ಸು ತಂದವಳ ಸುತ್ತ ಎಲ್ಲರೂ ಬಂದು ಕೂರುತ್ತಾರೆ.

ತಂಗಿ ಕೊನೆಗೆ ಟೈಪಿಂಗಿಗೇ ಹೋದಳು. ನಾನು ಹೇಳಿದೆ ಅಂತ ಅಲ್ಲ, ಎಐ ಸೆಮಿನಾರಿನ ಫಾರ್ಮು ತುಂಬುವಾಗ ಇನ್ನೂರು ರೂಪಾಯಿ ಕೇಳಿತು ಅಂತ. ಭಾನುವಾರ ಸಂಜೆ ಮೆಸೇಜು ಬಂತು, ಕಂಪ್ಯೂಟರಿನಲ್ಲೇ ಟೈಪ್ ಮಾಡಿ ಕಳಿಸಿದ್ದು: "ಅಣ್ಣ, ಸೂರ್ಯ ಅಂತ ಬರೆದರೆ ಸರಿಯಾಗಿ ಬರುತ್ತದೆ. ರ‍್ಯಾಂಕ್ ಬರೆದರೆ ಮಾತ್ರ ರ ಮೇಲಿಂದ ಹಾರಿ ಅರ್ಕಾವೊತ್ತು ಆಗುತ್ತದೆ, ಮೇಡಂ ಮಧ್ಯೆ ಏನೋ ಕಾಣದ ಅಕ್ಷರ ಹಾಕಬೇಕು ಅಂತ ಹೇಳಿಕೊಟ್ಟರು, ಸರಿ ಮಾಡಿದೆ. ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಬೇರೆ ಕಡೆಯಿಂದ ಕಾಪಿ ಮಾಡಿ ಹಾಕುತ್ತಿದ್ದೆ.